ಶ್ವಾಸಕೋಶದ ಗಂಟು ದೊಡ್ಡದಾಗ್ತಿದೆ ಅಂದ್ರೆ ಮುಂದೇನು? ಪದೇ ಪದೇ ಕೇಳುವ ಪ್ರಶ್ನೆಗಳು

ಯಾವುದೋ ಕೆಮ್ಮಿಗೋ, ಆಪರೇಷನ್‌ಗೆ ಮುಂಚಿನ ತಪಾಸಣೆಗೋ ಎದೆಯ ಸಿಟಿ ಸ್ಕ್ಯಾನ್ ಮಾಡಿಸಿರುತ್ತೀರಿ. ಒಂದು ಸಣ್ಣ ಗಂಟು ಇದೆ, ಆರು ತಿಂಗಳು ಬಿಟ್ಟು ನೋಡೋಣ ಅಂದಿರುತ್ತಾರೆ. ಎರಡನೇ ರಿಪೋರ್ಟ್‌ನಲ್ಲಿ ‘ಇಂಟರ್ವಲ್ ಇನ್‌ಕ್ರೀಸ್ ಇನ್ ಸೈಜ್’ ಅನ್ನುವ ಸಾಲು ಬಂದಿದೆ. ಆ ಸಾಲು ಓದಿ ನಿದ್ದೆಗೆಟ್ಟವರಿಗಾಗಿ ಈ ಪುಟ. ನಿಮ್ಮ ಡಾಕ್ಟರು ಹೇಳುವುದಕ್ಕೆ ಇದು ಬದಲಿ ಅಲ್ಲ. ಅವರ ಮುಂದೆ ಕೂತಾಗ ಏನು ಕೇಳಬೇಕು ಅನ್ನುವುದು ಗೊತ್ತಿರಲಿ ಅಂತ ಅಷ್ಟೇ.

ಬೆಳೀತಿದೆ ಅಂದ್ರೆ ಕ್ಯಾನ್ಸರೇ ಅಂತಾನಾ?

ಅಲ್ಲ. ಆದರೆ ಇನ್ನು ಸುಮ್ನೆ ಕೂರುವ ಹಾಗೂ ಇಲ್ಲ.

ಮೊದಲ ಸಲ ಕಾಣುವ ಸಣ್ಣ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಆಗಿರುವುದಿಲ್ಲ. ಅಮೆರಿಕದಲ್ಲಿ ಹೆಚ್ಚು ಸಿಗರೇಟ್ ಸೇದಿದ 53 ಸಾವಿರಕ್ಕೂ ಜಾಸ್ತಿ ಜನರ ಮೇಲೆ ನಡೆದ, 2011ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದಿದೆ. ಅದರಲ್ಲಿ ಸಿಟಿಯಲ್ಲಿ ಅನುಮಾನ ಬಂದವರ ಪೈಕಿ ನೂರಕ್ಕೆ 96 ಸಲ ಅದು ಕ್ಯಾನ್ಸರ್ ಆಗಿರಲಿಲ್ಲ. ಆದರೆ ಅದು ಹೊಸದಾಗಿ ಕಂಡ ಗಂಟಿನ ಲೆಕ್ಕ. ಎರಡು ಸ್ಕ್ಯಾನ್ ನಡುವೆ ಬೆಳೆದ ಗಂಟಿಗೆ ಆ ಸಮಾಧಾನ ಹೇಳಿಕೊಳ್ಳುವುದು ಸರಿಯಲ್ಲ.

ಬೆಳೆಯುವ ಗಂಟು ಟಿಬಿ ಆಗಿರಬಹುದು, ಫಂಗಸ್ ಸೋಂಕಾಗಿರಬಹುದು. ಹ್ಯಾಮಾರ್ಟೋಮಾ ಅನ್ನುವ, ಅಪಾಯವಿಲ್ಲದ ಗಡ್ಡೆಯೂ ನಿಧಾನಕ್ಕೆ ಬೆಳೆಯುತ್ತದೆ. ಕಲ್ಲಿನ ಧೂಳಿನಲ್ಲಿ ವರ್ಷಗಟ್ಟಲೆ ದುಡಿದವರಲ್ಲಿ ಸಿಲಿಕೋಸಿಸ್ ಗಂಟುಗಳಿರುತ್ತವೆ. ಕೋಲಾರದ ಚಿನ್ನದ ಗಣಿಯಲ್ಲಿ ದುಡಿದ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೊದಲೇ ಸ್ತನ, ಕರುಳು, ಕಿಡ್ನಿ ಕ್ಯಾನ್ಸರ್ ಆಗಿದ್ದವರಲ್ಲಿ ಅದೇ ಇಲ್ಲಿಗೆ ಹರಡಿರಬಹುದು. ಇವೆಲ್ಲದರ ಜೊತೆ ಶ್ವಾಸಕೋಶದ ಕ್ಯಾನ್ಸರೂ ಪಟ್ಟಿಯ ಮೇಲ್ಭಾಗದಲ್ಲೇ ಇದೆ.

ನಿಜವಾಗ್ಲೂ ಬೆಳೆದಿದೆ ಅಂತ ಹೇಗೆ ನಂಬೋದು?

ಒಳ್ಳೆ ಪ್ರಶ್ನೆ. ಇದನ್ನು ಕೇಳುವವರೇ ಕಡಿಮೆ. 6 ಮಿ.ಮೀ. ಇದ್ದದ್ದು 7 ಆಗಿದೆ ಅಂದರೆ ಅದು ಅಳತೆಯ ವ್ಯತ್ಯಾಸವೇ ಆಗಿರಬಹುದು. ಒಂದು ಸಲ ಪೂರ್ತಿ ಉಸಿರು ಎಳೆದಿರುತ್ತೀರಿ, ಇನ್ನೊಂದು ಸಲ ಅರ್ಧ. ಒಂದು ಕಡೆ 5 ಮಿ.ಮೀ. ದಪ್ಪದ ಸ್ಲೈಸ್ (ಪದರ ಪದರವಾಗಿ ತೆಗೆಯುವ ಚಿತ್ರ) ತೆಗೆದಿರುತ್ತಾರೆ, ಇನ್ನೊಂದು ಕಡೆ 1 ಮಿ.ಮೀ. ಅಳೆದವರು ಬೇರೆ, ಅಳೆದ ಕೋನ ಬೇರೆ. ಹಾಗಾಗಿ ಸುಮಾರು 2 ಮಿ.ಮೀ. ಆದರೂ ಬದಲಾಗಿದ್ದರೆ, ಅಥವಾ ಕಂಪ್ಯೂಟರ್ ಲೆಕ್ಕ ಹಾಕಿದ ಘನಗಾತ್ರ ಕಾಲು ಭಾಗದಷ್ಟು ಜಾಸ್ತಿಯಾಗಿದ್ದರೆ ಮಾತ್ರ ಬೆಳವಣಿಗೆ ಅಂತ ಒಪ್ಪುವುದು ವಾಡಿಕೆ.

ಆದಷ್ಟು ಅದೇ ಜಾಗದಲ್ಲಿ, ತೆಳು ಸ್ಲೈಸ್‌ನಲ್ಲಿ ಸ್ಕ್ಯಾನ್ ಮಾಡಿಸಿ. ಗಂಟಿನ ಗಾತ್ರ ನೋಡುವುದಕ್ಕೆ, ಚಿತ್ರ ಸ್ಪಷ್ಟವಾಗಲಿ ಅಂತ ಕೊಡುವ ಕಾಂಟ್ರಾಸ್ಟ್ ಇಂಜೆಕ್ಷನ್ ಸಾಮಾನ್ಯವಾಗಿ ಬೇಕಿಲ್ಲ. ಬರೀ ಫಿಲ್ಮ್ ತಗೊಂಡು ಬರಬೇಡಿ, ಸಿಡಿ ಅಥವಾ ಪೆನ್‌ಡ್ರೈವ್ ಕೇಳಿ. ಆಮೇಲೆ ಒಬ್ಬರೇ ರೇಡಿಯಾಲಜಿಸ್ಟ್ ಎರಡೂ ಸ್ಕ್ಯಾನ್ ಅಕ್ಕಪಕ್ಕ ಇಟ್ಟು ಅಳೆಯಲಿ. ರಿಪೋರ್ಟಿಗೆ ರಿಪೋರ್ಟ್ ಹೋಲಿಸಿ ತೀರ್ಮಾನಕ್ಕೆ ಬರುವುದು ಬೇಡ.

ಹಳೇ ಎಕ್ಸ್‌ರೇ, ಫಿಲ್ಮ್‌ಗಳು ಯಾವುದಕ್ಕಾದರೂ ಬರುತ್ತವಾ?

ಬೀರುವಿನ ಮೇಲೆ, ಮಂಚದ ಕೆಳಗೆ, ಊರಿನ ಮನೆಯ ಅಟ್ಟದಲ್ಲಿ ಎಲ್ಲಿದ್ದರೂ ಹುಡುಕಿ ತನ್ನಿ. ಕೋವಿಡ್ ಸಮಯದಲ್ಲಿ ಮಾಡಿಸಿದ ಸಿಟಿ, ಕಿಡ್ನಿ ಕಲ್ಲಿನ ನೋವಿಗೆ ಮಾಡಿಸಿದ ಹೊಟ್ಟೆಯ ಸಿಟಿ, ಎರಡೂ ಆಗುತ್ತವೆ. ಹೊಟ್ಟೆಯ ಸಿಟಿಯಲ್ಲಿ ಶ್ವಾಸಕೋಶದ ಕೆಳಭಾಗ ಸ್ವಲ್ಪ ಕಾಣುತ್ತದೆ. ಗಟ್ಟಿ ಗಂಟು ಎರಡು ವರ್ಷ ಒಂದೇ ಗಾತ್ರದಲ್ಲಿ ನಿಂತಿದ್ದರೆ ಅದನ್ನು ಸಾಮಾನ್ಯವಾಗಿ ಅಪಾಯವಿಲ್ಲದ್ದು ಅಂತ ಬಿಟ್ಟುಬಿಡುತ್ತಾರೆ. ಒಂದು ಹಳೇ ಸಿಡಿ ಸಿಕ್ಕಿ ಬಯಾಪ್ಸಿಯೇ (ಗಂಟಿನ ತುಣುಕು ತೆಗೆದು ನೋಡುವ ಪರೀಕ್ಷೆ) ತಪ್ಪಿಹೋಗುವುದುಂಟು.

ಎಷ್ಟು ಬೇಗ ಬೆಳೆದರೆ ಅನುಮಾನ ಜಾಸ್ತಿ?

ಡಾಕ್ಟರುಗಳು ನೋಡುವುದು ಗಂಟಿನ ಗಾತ್ರ ದುಪ್ಪಟ್ಟಾಗಲು ಎಷ್ಟು ದಿನ ಹಿಡಿಯಿತು ಅಂತ. ಇಲ್ಲಿ ಒಂದು ಸೂಕ್ಷ್ಮ ಇದೆ. ಅಡ್ಡಳತೆ ಕಾಲು ಭಾಗ ಹೆಚ್ಚಾದರೆ ಸಾಕು, ಒಟ್ಟು ಗಾತ್ರ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ. 8 ಮಿ.ಮೀ. ಗಂಟು 10 ಆಯಿತು ಅಂದರೆ ಎರಡೇ ಮಿ.ಮೀ. ಅಲ್ವಾ ಅನ್ನಿಸುತ್ತದೆ. ಆದರೆ ಒಳಗೆ ಇರುವ ಸರಕು ದುಪ್ಪಟ್ಟಾಗಿದೆ.

ಗಟ್ಟಿ ಗಂಟಿನ ರೂಪದ ಕ್ಯಾನ್ಸರ್‌ಗಳು ಸಾಮಾನ್ಯವಾಗಿ ಒಂದು ತಿಂಗಳಿಂದ 400 ದಿನದ ಒಳಗೆ ದುಪ್ಪಟ್ಟಾಗುತ್ತವೆ. 20 ದಿನಕ್ಕಿಂತ ಬೇಗ ಆದರೆ ಸೋಂಕಿನ ಕಡೆ ಬೆರಳು ತೋರಿಸುತ್ತದೆ. ಬ್ರಿಟನ್ನಿನ ಎದೆರೋಗ ತಜ್ಞರ ಸಂಘ 2015ರಲ್ಲಿ ಕೊಟ್ಟ ಸೂತ್ರ ಹೀಗಿದೆ. 400 ದಿನಕ್ಕಿಂತ ಕಡಿಮೆಯಾದರೆ ಮುಂದಿನ ಪರೀಕ್ಷೆಗೆ ಹೋಗಿ. 400ರಿಂದ 600 ಇದ್ದರೆ ಬಯಾಪ್ಸಿಯೋ ಕಾಯುವುದೋ ಅಂತ ರೋಗಿಯ ಜೊತೆ ಕೂತು ಮಾತಾಡಿ. 600 ದಾಟಿದರೆ ಅವಸರ ಬೇಡ.

ಅದೇ 8ರಿಂದ 10 ಮಿ.ಮೀ. ಬೆಳವಣಿಗೆಯನ್ನು ತಗೊಳ್ಳಿ. ಮೂರು ತಿಂಗಳಲ್ಲಿ ಆಗಿದ್ದರೆ ಲೆಕ್ಕ ಸುಮಾರು 93 ದಿನಕ್ಕೆ ಬರುತ್ತದೆ, ಗಂಭೀರ. ಮೂರು ವರ್ಷದಲ್ಲಿ ಆಗಿದ್ದರೆ ಸಾವಿರ ದಿನಕ್ಕೂ ಮೇಲೆ, ಅಂದರೆ ತುಂಬ ನಿಧಾನ. ಎಷ್ಟು ಬೆಳೆದಿದೆ ಅನ್ನುವುದರ ಜೊತೆ ಎಷ್ಟು ದಿನದಲ್ಲಿ ಅನ್ನುವುದನ್ನೂ ಕೇಳಿ.

ರಿಪೋರ್ಟ್‌ನಲ್ಲಿ ‘ಗ್ರೌಂಡ್ ಗ್ಲಾಸ್’ ಅಂತ ಬರೆದಿದ್ದಾರೆ. ಅದಕ್ಕೂ ಇದೇ ಲೆಕ್ಕಾನಾ?

ಇಲ್ಲ. ಗಂಟು ಗಟ್ಟಿಯಾಗಿ ಬೆಳ್ಳಗೆ ಕಾಣದೆ ಮಬ್ಬು ಮಬ್ಬಾಗಿ, ಹಿಂದಿರುವ ರಕ್ತನಾಳಗಳೂ ಕಾಣುವ ಹಾಗಿದ್ದರೆ ಆ ಹೆಸರು. ಸೋಂಕಿನಿಂದ ಬಂದ ಮಬ್ಬು ಎಷ್ಟೋ ಸಲ ಕೆಲವು ತಿಂಗಳಲ್ಲಿ ತಾನಾಗೇ ಮಾಯವಾಗುತ್ತದೆ. ಹೋಗದೆ ಉಳಿದದ್ದು ಕ್ಯಾನ್ಸರ್ ಆಗಿದ್ದರೂ ಬಹಳ ನಿಧಾನದ್ದು. ಅದಕ್ಕೇ ಇದನ್ನು ಎರಡಲ್ಲ, ಐದು ವರ್ಷದವರೆಗೆ ನೋಡುತ್ತಾರೆ. ಇಲ್ಲಿ ಬರೀ ಅಗಲ ನೋಡಿದರೆ ಸಾಲದು. ಮಬ್ಬಿನ ನಡುವೆ ಗಟ್ಟಿ ಭಾಗ ಹುಟ್ಟಿಕೊಂಡಿದೆಯಾ, ಅದು ಬೆಳೀತಿದೆಯಾ ಅಂತ ನೋಡಬೇಕು. ಆ ಗಟ್ಟಿ ಭಾಗ 6 ಮಿ.ಮೀ. ಮುಟ್ಟಿದರೆ ತಜ್ಞರು ಕಾಯಲು ಒಪ್ಪುವುದು ಕಡಿಮೆ.

‘ಟಿಬಿ ಇರಬಹುದು, ಆರು ತಿಂಗಳು ಮಾತ್ರೆ ತಗೊಳ್ಳಿ, ಆಮೇಲೆ ನೋಡೋಣ’ ಅಂದರು. ಒಪ್ಪಿಕೊಳ್ಳಲಾ?

ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಹೊತ್ತಿದ್ದರೆ ಇದನ್ನೇ ಓದಿ.

ಜಗತ್ತಿನ ಟಿಬಿ ರೋಗಿಗಳಲ್ಲಿ ಸುಮಾರು ಕಾಲು ಭಾಗ ನಮ್ಮ ದೇಶದವರು. ಹಾಗಾಗಿ ಡಾಕ್ಟರಿಗೆ ಮೊದಲು ಟಿಬಿ ನೆನಪಾಗುವುದರಲ್ಲಿ ತಪ್ಪೇನಿಲ್ಲ. ಎಷ್ಟೋ ಸಲ ಅದೇ ನಿಜ ಕೂಡ. ತೊಂದರೆ ಇರುವುದು ಪುರಾವೆ ಇಲ್ಲದೆ ಮಾತ್ರೆ ಶುರು ಮಾಡುವುದರಲ್ಲಿ. ಮಾತ್ರೆ ನುಂಗುತ್ತಾ ಆರು ತಿಂಗಳು ಕಳೆಯುತ್ತವೆ, ಗಂಟು ಅಷ್ಟರಲ್ಲಿ ಎರಡು ಪಟ್ಟೋ ನಾಲ್ಕು ಪಟ್ಟೋ ಆಗಿರುತ್ತದೆ. ನಮ್ಮಲ್ಲಿ ಶ್ವಾಸಕೋಶದ ಕ್ಯಾನ್ಸರ್ ತಡವಾಗಿ ಪತ್ತೆಯಾಗುವುದಕ್ಕೆ ಟಿಬಿ ಅಂದುಕೊಂಡು ಕಳೆದ ತಿಂಗಳುಗಳೂ ಒಂದು ದೊಡ್ಡ ಕಾರಣ. ಕ್ಯಾನ್ಸರ್ ವಿಭಾಗದ ಹೊರಗೆ ಕಾಯುವವರ ಕೈಯಲ್ಲಿ ಟಿಬಿ ಮಾತ್ರೆಯ ಖಾಲಿ ಪಟ್ಟಿಗಳಿರುವುದು ಅಪರೂಪದ ದೃಶ್ಯವೇನಲ್ಲ.

ಚರ್ಮಕ್ಕೆ ಚುಚ್ಚಿ ನೋಡುವ ಮಾಂಟೂ ಪರೀಕ್ಷೆ ಪಾಸಿಟಿವ್ ಬಂತು ಅನ್ನುವುದನ್ನು ಪುರಾವೆ ಅಂತ ತಗೋಬೇಡಿ. ನಮ್ಮ ದೇಶದ ದೊಡ್ಡವರಲ್ಲಿ ಮೂವರಲ್ಲಿ ಒಬ್ಬರ ಮೈಯಲ್ಲಿ ಟಿಬಿ ಸೋಂಕು ಮಲಗಿಕೊಂಡಿರುತ್ತದೆ. ಕಾಯಿಲೆ ಇಲ್ಲದಿದ್ದರೂ ಅವರಿಗೆ ಆ ಪರೀಕ್ಷೆ ಪಾಸಿಟಿವ್ ಬರುತ್ತದೆ. ಕಫದಲ್ಲಿ ಟಿಬಿ ಕ್ರಿಮಿ ಸಿಕ್ಕಿದರೆ, ಟಿಬಿ ಕ್ರಿಮಿಯ ಜೀನ್ ಹುಡುಕುವ ಸಿಬಿನಾಟ್ ಪರೀಕ್ಷೆ ಪಾಸಿಟಿವ್ ಆದರೆ, ಗಂಟಿನ ತುಣುಕಿನಲ್ಲೇ ಟಿಬಿ ಕಂಡರೆ ಅದು ಪುರಾವೆ. ಆಗ ಸರ್ಕಾರಿ ಆಸ್ಪತ್ರೆಯ ಉಚಿತ ಮಾತ್ರೆ ಶುರು ಮಾಡಿ, ಮಧ್ಯೆ ಬಿಡದೆ ಮುಗಿಸಿ.

ಪುರಾವೆ ಸಿಗದಿದ್ದರೂ ಡಾಕ್ಟರು ಮಾತ್ರೆ ಕೊಡಲೇಬೇಕು ಅನ್ನುವ ಸಂದರ್ಭ ಇರುತ್ತದೆ. ಆಗ ಕೇಳಬೇಕಾದ ಪ್ರಶ್ನೆ: ‘ಮುಂದಿನ ಸಿಟಿ ಯಾವ ದಿನ?’ ಆರು ತಿಂಗಳು ಮುಗಿಯುವ ತನಕ ಕಾಯಬೇಡಿ. ಎರಡು ತಿಂಗಳ ಆಸುಪಾಸಿನಲ್ಲೇ ನೋಡಿಸಿ. ಮಾತ್ರೆ ತಗೊಂಡೂ ಗಂಟು ಬೆಳೆದಿದ್ದರೆ ಬಯಾಪ್ಸಿಯ ಮಾತು ಎತ್ತಿ. ಟಿಬಿ ಮತ್ತು ಕ್ಯಾನ್ಸರ್ ಎರಡೂ ಒಬ್ಬರಲ್ಲೇ ಇರುವುದೂ ಉಂಟು ಅನ್ನುವುದು ನೆನಪಿರಲಿ.

ಪೆಟ್ ಸ್ಕ್ಯಾನ್ ಮಾಡಿಸಿದರೆ ಎಲ್ಲ ಗೊತ್ತಾಗಿಬಿಡುತ್ತಂತೆ?

ಇಲ್ಲ. ಸಕ್ಕರೆ ಜಾಸ್ತಿ ಹೀರುವ ಜಾಗವನ್ನು ಪೆಟ್ ತೋರಿಸುತ್ತದೆ, ಅಷ್ಟೇ. ಟಿಬಿ ಗಂಟೂ ಚೆನ್ನಾಗಿ ಸಕ್ಕರೆ ಹೀರುತ್ತದೆ, ಹಾಗಾಗಿ ಅದೂ ಹೊಳೆಯುತ್ತದೆ. ಇನ್ನೊಂದು ಕಡೆ ಕಾರ್ಸಿನಾಯ್ಡ್ ಅನ್ನುವ ಗಡ್ಡೆ, ಮಬ್ಬು ಗಂಟಿನ ಕ್ಯಾನ್ಸರ್, 8 ಮಿ.ಮೀ.ಗಿಂತ ಚಿಕ್ಕ ಗಂಟು ಹೊಳೆಯದೇ ಇರಬಹುದು. ಏಷ್ಯಾದ ತಜ್ಞರು 2016ರಲ್ಲಿ ಸೇರಿ ಬರೆದ ಮಾರ್ಗಸೂಚಿ ಇದನ್ನೇ ಹೇಳುತ್ತದೆ. ಟಿಬಿ ಜಾಸ್ತಿ ಇರುವ ನಮ್ಮಂಥ ಕಡೆ ಪೆಟ್ ಮೇಲೆ ಪಶ್ಚಿಮದವರಷ್ಟು ಭಾರ ಹಾಕಬೇಡಿ, ತುಣುಕು ತೆಗೆದು ನೋಡುವುದಕ್ಕೆ ಒತ್ತು ಕೊಡಿ ಅಂತ.

ಹಾಗಂತ ದುಡ್ಡು ದಂಡ ಅಂತಲ್ಲ. ಬೇರೆ ಕಡೆ ಏನಾದರೂ ಇದೆಯಾ, ಬಯಾಪ್ಸಿಗೆ ಸೂಜಿ ಹಾಕಲು ಸುಲಭದ ಜಾಗ ಯಾವುದು, ಆಪರೇಷನ್ ಮಾಡಿದರೆ ಪ್ರಯೋಜನ ಇದೆಯಾ ಅನ್ನುವುದಕ್ಕೆ ಪೆಟ್ ಬೇಕಾಗುತ್ತದೆ.

ಸೂಜಿ ಚುಚ್ಚಿದರೆ ಕ್ಯಾನ್ಸರ್ ಮೈಗೆಲ್ಲ ಹರಡುತ್ತಂತೆ, ನಿಜಾನಾ?

ಪ್ರತಿ ಊರಲ್ಲೂ ಒಬ್ಬರಿರುತ್ತಾರೆ, ‘ಸೂಜಿ ಹಾಕಿಸಿದ ಮೇಲೇ ಅವರು ಕೆಟ್ಟರು’ ಅನ್ನುವವರು. ಸೂಜಿ ಹಾಕುವ ಹೊತ್ತಿಗೇ ಕಾಯಿಲೆ ಮುಂದುವರಿದಿತ್ತು ಅನ್ನುವುದನ್ನು ಯಾರೂ ಹೇಳುವುದಿಲ್ಲ. ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಕಣ ಬೆಳೆಯುವುದು ವೈದ್ಯಕೀಯದಲ್ಲಿ ದಾಖಲಾಗಿರುವ ಸಂಗತಿ ಹೌದು, ಆದರೆ ಬಹಳ ಬಹಳ ಅಪರೂಪ. ಗಂಟು ಶ್ವಾಸಕೋಶದ ಹೊರ ಅಂಚಿಗೆ ತಾಗಿಕೊಂಡೇ ಇದ್ದು, ಕ್ಯಾನ್ಸರ್ ಅನುಮಾನ ಬಲವಾಗಿದ್ದರೆ ಕೆಲವು ಸರ್ಜನ್‌ಗಳು ಸೂಜಿ ಬಿಟ್ಟು ನೇರವಾಗಿ ತೆಗೆಯುವುದನ್ನು ಇಷ್ಟಪಡುತ್ತಾರೆ. ಉಳಿದಂತೆ ಈ ಹೆದರಿಕೆಗೆ ಬಯಾಪ್ಸಿ ಮುಂದೂಡುವುದು ನಷ್ಟದ ವ್ಯಾಪಾರ.

ನಿಜವಾದ ಅಪಾಯ ಬೇರೆ ಇದೆ. ಸಿಟಿ ನೋಡಿಕೊಂಡು ಹೊರಗಿನಿಂದ ಸೂಜಿ ಹಾಕುವಾಗ ಶ್ವಾಸಕೋಶದ ಸುತ್ತ ಗಾಳಿ ಸೋರಬಹುದು. ನೂರರಲ್ಲಿ ಹದಿನೈದರಿಂದ ಇಪ್ಪತ್ತೈದು ಜನಕ್ಕೆ ಹಾಗಾಗುತ್ತದೆ. ಹೆಚ್ಚಿನವರಿಗೆ ಅದು ತಾನೇ ಸರಿಹೋಗುತ್ತದೆ. ನೂರಕ್ಕೆ ಐದಾರು ಜನಕ್ಕೆ ಪೈಪ್ ಹಾಕಿ ಗಾಳಿ ತೆಗೆಯಬೇಕಾಗುತ್ತದೆ. ಕೆಮ್ಮಿದಾಗ ಸ್ವಲ್ಪ ರಕ್ತ ಬರಬಹುದು. ರಕ್ತ ತೆಳುಮಾಡುವ ಮಾತ್ರೆ ತಗೊಳ್ಳುವವರು ಮೊದಲೇ ಹೇಳಿ. ಗಂಟು ಶ್ವಾಸನಾಳದ ಹತ್ತಿರ ಇದ್ದರೆ ಬಾಯಿಂದ ಬ್ರಾಂಕೋಸ್ಕೋಪ್ ಅನ್ನುವ ಕ್ಯಾಮೆರಾ ಕೊಳವೆ ಇಳಿಸಿ ತೆಗೆಯುತ್ತಾರೆ. ಎದೆಯ ನಡುವಿನ ಗ್ರಂಥಿಗಳನ್ನು ನೋಡಲು ಇಬಸ್ ಅನ್ನುವ ವಿಧಾನ ಇದೆ.

ಬಯಾಪ್ಸಿ ದಿನ ನಾವು ಗಮನಿಸಬೇಕಾದ್ದು ಏನಾದರೂ ಇದೆಯಾ?

ಇದೆ. ತುಣುಕು ಎಷ್ಟು ಬಾಟಲಿಗೆ ಹೋಗುತ್ತಿದೆ ಅಂತ ಕೇಳಿ. ಕ್ಯಾನ್ಸರ್ ನೋಡುವ ಲ್ಯಾಬಿಗೆ ಫಾರ್ಮಲಿನ್ ಬಾಟಲಿ. ಆದರೆ ಫಾರ್ಮಲಿನ್ ಟಿಬಿ ಕ್ರಿಮಿಯನ್ನು ಕೊಂದುಹಾಕುತ್ತದೆ. ಅದರಲ್ಲಿ ಮುಳುಗಿಸಿದ ತುಣುಕಿನಿಂದ ಕ್ರಿಮಿಯನ್ನು ಲ್ಯಾಬಿನಲ್ಲಿ ಬೆಳೆಸಿ ನೋಡಲು, ಅಂದರೆ ಕಲ್ಚರ್ ಮಾಡಲು ಆಗುವುದಿಲ್ಲ. ಸಿಬಿನಾಟ್‌ಗೆ, ಟಿಬಿ ಕಲ್ಚರ್‌ಗೆ, ಫಂಗಸ್ ಕಲ್ಚರ್‌ಗೆ ಇನ್ನೊಂದು ತುಣುಕು ಬರೀ ಸಲೈನ್ ಹಾಕಿದ ಬಾಟಲಿಯಲ್ಲಿ ಹೋಗಬೇಕು. ಆತುರದಲ್ಲಿ ಎಲ್ಲವೂ ಫಾರ್ಮಲಿನ್‌ಗೆ ಬಿದ್ದು, ಆಮೇಲೆ ‘ಗ್ರಾನುಲೋಮಾ (ಉರಿಯೂತದ ಸಣ್ಣ ಗಂಟು) ಇದೆ, ಟಿಬಿ ಇರಬಹುದು’ ಅನ್ನುವ ಅರೆಬರೆ ರಿಪೋರ್ಟ್ ಹಿಡಿದು ಒದ್ದಾಡುವವರು ಎಷ್ಟೋ ಜನ. ‘ಸರ್, ಸಲೈನ್‌ನಲ್ಲೂ ಒಂದು ಕಳಿಸ್ತೀರಾ?’ ಅಂತ ಮೆಲ್ಲಗೆ ಕೇಳಿ. ಯಾರೂ ಬೈಯುವುದಿಲ್ಲ.

ಬಯಾಪ್ಸಿಯಲ್ಲಿ ‘ಕ್ಯಾನ್ಸರ್ ಕಣ ಇಲ್ಲ’ ಅಂತ ಬಂತು. ಗೆದ್ದ ಹಾಗಾ?

ರಿಪೋರ್ಟ್ ಇನ್ನೊಂದು ಸಲ ಓದಿ. ಅದರಲ್ಲಿ ಬೇರೆ ಕಾಯಿಲೆಯ ಹೆಸರು ಇದೆಯಾ? ಟಿಬಿ, ಹ್ಯಾಮಾರ್ಟೋಮಾ ಅಂತ ಖಚಿತವಾಗಿ ಇದ್ದರೆ ನಿರಾಳ. ‘ಮಾಮೂಲಿ ಶ್ವಾಸಕೋಶದ ಅಂಗಾಂಶ’, ‘ನಿರ್ದಿಷ್ಟವಲ್ಲದ ಉರಿಯೂತ’ ಅಂತಷ್ಟೇ ಇದ್ದರೆ ಸೂಜಿ ಗಂಟಿಗೆ ತಾಗದೆ ಪಕ್ಕಕ್ಕೆ ಹೋಗಿರಬಹುದು. ಬೆಳೆಯುತ್ತಿರುವ ಗಂಟಿಗೆ ಅಂಥ ರಿಪೋರ್ಟ್ ಉತ್ತರವೇ ಅಲ್ಲ. ಇನ್ನೊಂದು ಸಲ ತೆಗೆಯಬೇಕು, ಇಲ್ಲವೇ ಆಪರೇಷನ್.

ಬಯಾಪ್ಸಿ ಇಲ್ಲದೆ ನೇರ ಆಪರೇಷನ್ ಅಂತಿದ್ದಾರೆ. ದುಡ್ಡಿಗಾಗಿ ಹೇಳ್ತಿದ್ದಾರಾ?

ಇರಲಾರದು. ಗಂಟಿನ ಅಂಚು ಮುಳ್ಳು ಮುಳ್ಳಾಗಿದೆ, ಶ್ವಾಸಕೋಶದ ಮೇಲ್ಭಾಗದಲ್ಲಿದೆ, ವರ್ಷಗಟ್ಟಲೆ ಬೀಡಿ ಸಿಗರೇಟ್ ಸೇದಿದ್ದಾರೆ, ಸಾಲದ್ದಕ್ಕೆ ಬೆಳೆದೂ ಇದೆ ಅಂದರೆ ಕ್ಯಾನ್ಸರ್ ಸಾಧ್ಯತೆ ಬಹಳ ಜಾಸ್ತಿ. ಸೂಜಿ ಪರೀಕ್ಷೆಯಲ್ಲಿ ಕ್ಯಾನ್ಸರ್ ಇಲ್ಲ ಅಂತ ಬಂದರೂ ಯಾರೂ ನಂಬಲಾರದ ಪರಿಸ್ಥಿತಿ ಅದು. ಸಾಧ್ಯತೆ ನೂರಕ್ಕೆ 65-70 ದಾಟಿದರೆ ನೇರ ಆಪರೇಷನ್ ಅನ್ನುವುದನ್ನು ಮಾರ್ಗಸೂಚಿಗಳೂ ಒಪ್ಪುತ್ತವೆ. ಸಣ್ಣ ತೂತಿನ (ಕೀಹೋಲ್) ಆಪರೇಷನ್‌ನಲ್ಲಿ ಗಂಟಿರುವ ಚೂರನ್ನು ತೆಗೆದು, ರೋಗಿ ಟೇಬಲ್ ಮೇಲಿರುವಾಗಲೇ ಲ್ಯಾಬಿಗೆ ಕಳಿಸುತ್ತಾರೆ. ಇದು ಫ್ರೋಜನ್ ಸೆಕ್ಷನ್. ಕ್ಯಾನ್ಸರ್ ಅಂದರೆ ಅಲ್ಲೇ ಮುಂದುವರಿಸುತ್ತಾರೆ, ಅಲ್ಲ ಅಂದರೆ ಮುಚ್ಚುತ್ತಾರೆ.

ಆದರೆ ಟಿಬಿ ಪರೀಕ್ಷೆಗಳನ್ನು ಮಾಡದೆಯೇ, ಎದೆಯ ಆಪರೇಷನ್ ದಿನಾ ಮಾಡುವ ಸರ್ಜನ್ ನೋಡದೆಯೇ ಯಾರಾದರೂ ತಾರೀಕು ಕೊಟ್ಟರೆ ಎರಡನೇ ಅಭಿಪ್ರಾಯ ಕೇಳಿ.

ಒಂದು ಕಡೆ ಶ್ವಾಸಕೋಶ ಪೂರ್ತಿ ತೆಗೆದುಬಿಡ್ತಾರಾ?

ಸಣ್ಣ ಗಂಟಿಗೆ ಸಾಮಾನ್ಯವಾಗಿ ಇಲ್ಲ. ಶ್ವಾಸಕೋಶ ಹಾಲೆ ಅನ್ನುವ ದೊಡ್ಡ ಭಾಗಗಳಾಗಿ ಇರುತ್ತದೆ, ಬಲಗಡೆ ಮೂರು ಹಾಲೆ, ಎಡಗಡೆ ಎರಡು. ಮೊದಲೆಲ್ಲ ಒಂದು ಹಾಲೆ ತೆಗೆಯುವುದೇ ಪದ್ಧತಿ. 2022ರಲ್ಲಿ ಜಪಾನಿನ ಅಧ್ಯಯನ, 2023ರಲ್ಲಿ ಅಮೆರಿಕದ ಅಧ್ಯಯನ ಬಂದವು. ಹೊರಭಾಗದ, 2 ಸೆಂ.ಮೀ. ಒಳಗಿನ ಕ್ಯಾನ್ಸರ್‌ಗೆ ಹಾಲೆಯ ಒಂದು ಭಾಗ ತೆಗೆದರೂ ಸಾಕು ಅಂತ ತೋರಿಸಿದವು. ಬೇಗ ಸಿಕ್ಕಿದರೆ ಕಡಿಮೆ ಕಳೆದುಕೊಳ್ಳುತ್ತೀರಿ. 1 ಸೆಂ.ಮೀ. ಒಳಗೆ, ಎಲ್ಲೂ ಹರಡದೆ ಸಿಕ್ಕಿದ ಕ್ಯಾನ್ಸರ್‌ನಲ್ಲಿ ಐದು ವರ್ಷದ ನಂತರವೂ ಬದುಕಿರುವವರು ನೂರಕ್ಕೆ 90ರ ಆಸುಪಾಸು. ಎರಡು ಮೆಣಸಿನ ಕಾಳು ಅಕ್ಕಪಕ್ಕ ಇಟ್ಟಷ್ಟು ಅಗಲ ಅದು.

ಅಪ್ಪನಿಗೆ 78 ವರ್ಷ, ದಮ್ಮು ಬೇರೆ ಇದೆ. ಅವರಿಗೆ ಇದೆಲ್ಲ ಬೇಕಾ?

ವಯಸ್ಸೊಂದೇ ನೋಡಿ ಬೇಡ ಅನ್ನಬೇಡಿ. ಊದುವ ಪರೀಕ್ಷೆ, ಶ್ವಾಸಕೋಶ ಗಾಳಿ ಹೀರುವ ಪರೀಕ್ಷೆ, ಹೃದಯದ ಎಕೋ ಮಾಡಿಸಿ. ಕೆಲವರು ಮೆಟ್ಟಿಲು ಹತ್ತಿಸಿಯೂ ನೋಡುತ್ತಾರೆ. ಆಪರೇಷನ್ ತಡೆಯಲಾರರು ಅಂತಾದರೆ ಎಸ್‌ಬಿಆರ್‌ಟಿ ಅನ್ನುವ ವಿಕಿರಣ ಚಿಕಿತ್ಸೆ ಇದೆ. ಗಂಟಿಗೆ ಗುರಿಯಿಟ್ಟು ಮೂರರಿಂದ ಎಂಟು ಸಲ ಕೊಡುತ್ತಾರೆ. ಅರಿವಳಿಕೆ ಬೇಡ, ಗಾಯ ಇಲ್ಲ. ಸಣ್ಣ ಗಂಟಿಗೆ ಚೆನ್ನಾಗಿ ಕೆಲಸ ಮಾಡುತ್ತದೆ.

ಏನೂ ಮಾಡದಿರುವುದೂ ಒಂದು ಗೌರವದ ಆಯ್ಕೆಯೇ. ತುಂಬ ನಿಧಾನ ಬೆಳೆಯುವ ಗಂಟು, ಹೃದಯ ಕಿಡ್ನಿ ಎರಡೂ ಸುಸ್ತು ಅಂದಾಗ ಗಂಟಿಗಿಂತ ಬೇರೆ ಕಾಯಿಲೆಯೇ ಮೊದಲು ಕಾಡೀತು. ಬಯಾಪ್ಸಿ ಉತ್ತರ ಏನೇ ಬಂದರೂ ಚಿಕಿತ್ಸೆ ಬೇಡ ಅಂತ ಅವರು ತೀರ್ಮಾನಿಸಿದ್ದರೆ ಬಯಾಪ್ಸಿ ಯಾಕೆ?

ಅವರಿಗೆ ಹೇಳೋದಾ, ಮುಚ್ಚಿಡೋದಾ?

ಹೇಳಿ. ನಮ್ಮ ಕಡೆ ಮಕ್ಕಳು ಡಾಕ್ಟರಿಗೆ ಬಾಗಿಲ ಹಿಂದಿನಿಂದ ಕಣ್ಣು ಮಿಟುಕಿಸುತ್ತಾರೆ, ‘ಹೇಳಬೇಡಿ ಸರ್’ ಅಂತ. ಮೂರು ಆಸ್ಪತ್ರೆ ಸುತ್ತಿಸಿದ ಮೇಲೆ ಅವರಿಗೆ ಗೊತ್ತಾಗದೇ ಇರುತ್ತದಾ? ಎದೆ ಅವರದು, ಸಹಿ ಅವರದು.

ನಮ್ಮಮ್ಮ ಜನ್ಮದಲ್ಲಿ ಬೀಡಿ ಮುಟ್ಟಿದವರಲ್ಲ. ಹಾಗಿದ್ರೂ ಕ್ಯಾನ್ಸರ್ ಬರುತ್ತಾ?

ಬರುತ್ತದೆ. ಸೇದದ ಹೆಂಗಸರಲ್ಲಿ ಬರುವುದು ಏಷ್ಯಾದಲ್ಲಿ ಪಶ್ಚಿಮಕ್ಕಿಂತ ಜಾಸ್ತಿ. ಸೌದೆ ಒಲೆಯ ಹೊಗೆ, ಮನೆಯಲ್ಲಿ ಬೇರೆಯವರು ಸೇದಿದ ಹೊಗೆ, ಊರಿನ ಕೆಟ್ಟ ಗಾಳಿ ಎಲ್ಲವೂ ಕಾರಣಗಳೇ. ಇಂಥವರ ಕ್ಯಾನ್ಸರ್‌ನಲ್ಲಿ ಇಜಿಎಫ್‌ಆರ್ ಅನ್ನುವ ಜೀನ್ ಬದಲಾವಣೆ ಹೆಚ್ಚಾಗಿ ಸಿಗುತ್ತದೆ. ಅದಕ್ಕೆ ಮಾತ್ರೆಗಳಿವೆ. ಆದರೆ ಸೇದಿಲ್ಲ ಅನ್ನುವ ಒಂದೇ ಕಾರಣಕ್ಕೆ ಬೆಳೆಯುವ ಗಂಟನ್ನು ಬಿಡಬೇಡಿ.

ಸೇದುವವರು ಇವತ್ತೇ ನಿಲ್ಲಿಸಿ. ಆಪರೇಷನ್‌ಗೆ ನಾಲ್ಕು ವಾರ ಮುಂಚೆ ಬಿಟ್ಟರೂ ಆಮೇಲಿನ ತೊಂದರೆ ಕಡಿಮೆಯಾಗುತ್ತದೆ.

ಪದೇ ಪದೇ ಸಿಟಿ ಮಾಡಿಸಿದರೆ ರೇಡಿಯೇಷನ್ ಜಾಸ್ತಿ ಆಗಲ್ವಾ?

ಲೋ ಡೋಸ್ ಸಿಟಿ ಕೇಳಿ. ಅದರ ವಿಕಿರಣ ನಾವು ಒಂದು ವರ್ಷದಲ್ಲಿ ನೆಲ, ಗಾಳಿ, ಆಕಾಶದಿಂದ ಪಡೆಯುವುದಕ್ಕಿಂತ ಕಡಿಮೆ.

ನಾಟಿ ಔಷಧಿಗೆ ಒಂದು ಸಲ ಹೋಗಿಬರೋಣ ಅಂತಾರೆ ಮನೆಯವರು.

ಮನಸ್ಸಿಗೆ ಸಮಾಧಾನ ಆದರೆ ಹೋಗಿಬನ್ನಿ. ಆದರೆ ಸಿಟಿ, ಬಯಾಪ್ಸಿ ತಾರೀಕು ಒಂದು ದಿನವೂ ಮುಂದೆ ಹೋಗಬಾರದು. ಕುಡಿಯುವ ಕಷಾಯದ ವಿಷಯ ಡಾಕ್ಟರಿಗೆ ಹೇಳಿ.

ಎಲ್ಲಿ ತೋರಿಸೋದು? ಖರ್ಚು ಹೇಗೆ?

ಬೆಂಗಳೂರಿನಲ್ಲಿ ಸರ್ಕಾರದ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆ ಇದೆ, ಅದಕ್ಕೆ ಹತ್ತಿರದಲ್ಲೇ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇದೆ. ಟಿಬಿಯೋ ಕ್ಯಾನ್ಸರೋ ಅನ್ನುವ ಗೊಂದಲ ಇದ್ದಾಗ ಎದೆರೋಗದವರಿಂದ ಶುರು ಮಾಡುವುದು ವಾಸಿ. ಮೈಸೂರಿನವರಿಗೆ ಪಿಕೆಟಿಬಿ ಆಸ್ಪತ್ರೆ ಗೊತ್ತಿರುತ್ತದೆ. ಉತ್ತರ ಕರ್ನಾಟಕದವರಿಗೆ ಹುಬ್ಬಳ್ಳಿ ಹತ್ತಿರ. ಎಲ್ಲಿಗೇ ಹೋಗಿ, ಎದೆರೋಗ ತಜ್ಞ, ರೇಡಿಯಾಲಜಿಸ್ಟ್, ಸರ್ಜನ್, ಕ್ಯಾನ್ಸರ್ ಡಾಕ್ಟರ್ ಒಟ್ಟಿಗೆ ಕೂತು ಮಾತಾಡುವ ಟ್ಯೂಮರ್ ಬೋರ್ಡ್ ಇದೆಯಾ ಅಂತ ಕೇಳಿ. ಇದ್ದರೆ ನಿಮ್ಮ ಕೇಸ್ ಅಲ್ಲಿಡಲು ಹೇಳಿ.

ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ನೂರಕ್ಕೆ 30, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಅಡ್ಮಿಟ್ ಆಗುವ ಮೊದಲೇ ಆಸ್ಪತ್ರೆಯಲ್ಲಿ ಈ ಯೋಜನೆಗೆ ನೆರವಾಗುವ ಆರೋಗ್ಯಮಿತ್ರರನ್ನು ಹುಡುಕಿ ಮಾತಾಡಿ, ರೆಫರಲ್ ಚೀಟಿ ಬೇಕಾ ಅಂತ ಕೇಳಿಕೊಳ್ಳಿ. ಬಿಲ್ ಆದ ಮೇಲೆ ಓಡಾಡಿದರೆ ಕೆಲಸ ಆಗುವುದು ಕಷ್ಟ.

ಎಷ್ಟು ದಿನ ಕಾಯಬಹುದು?

ಬೆಳೆದಿದೆ ಅಂತ ಖಚಿತವಾದ ಮೇಲೆ ಎರಡು ಮೂರು ವಾರದಲ್ಲಿ ಸರಿಯಾದ ಡಾಕ್ಟರ ಮುಂದೆ ಕೂತಿರಬೇಕು. ರಾತ್ರೋರಾತ್ರಿ ಓಡುವಂಥದ್ದಲ್ಲ. ಮಗಳ ಮದುವೆ ಮುಗಿಯಲಿ, ಅಡಿಕೆ ಕೊಯ್ಲು ಮುಗಿಯಲಿ ಅಂತ ನಾಲ್ಕು ತಿಂಗಳು ತಳ್ಳುವಂಥದ್ದೂ ಅಲ್ಲ.

ಕೆಮ್ಮಿನಲ್ಲಿ ರಕ್ತ, ಉಸಿರು ಸಿಗದಿರುವುದು, ಮುಖ ಕತ್ತು ಊದುವುದು ಕಂಡರೆ ಅಪಾಯಿಂಟ್‌ಮೆಂಟ್ ಕಾಯಬೇಡಿ, ಅವತ್ತೇ ಹೋಗಿ. ದನಿ ಒಡೆದು ವಾರವಾದರೂ ಸರಿಹೋಗದಿದ್ದರೆ, ಕಾರಣವಿಲ್ಲದೆ ತೂಕ ಇಳಿಯುತ್ತಿದ್ದರೆ ಫೋನ್ ಮಾಡಿ ಇನ್ನೂ ಬೇಗದ ತಾರೀಕು ತಗೊಳ್ಳಿ. ಹೋಗುವಾಗ ಹಳೇ ಸಿಡಿಗಳು, ಎಲ್ಲ ರಿಪೋರ್ಟ್, ತಗೊಳ್ಳುವ ಮಾತ್ರೆಗಳ ಪಟ್ಟಿ, ರೇಷನ್ ಕಾರ್ಡ್, ಆಧಾರ್ ಒಂದೇ ಚೀಲದಲ್ಲಿರಲಿ.